ಕಾಸರಗೋಡಿಗೆ ಮೂರು ದಿನ ಇಟ್ಟುಕೊಂಡು ಬನ್ನಿ

ಮೈಸೂರಿನ ಅಕ್ಕ, ಭಾವ ಕಳೆದ ಡಿಸೆಂಬರ್ ರಜೆಯಲ್ಲಿ ಮಕ್ಕಳನ್ನು ಕರೆದುಕೊಂಡು ಬದಿಯಡ್ಕದ ನಮ್ಮ ಮನೆಗೆ ಬಂದಿದ್ದರು. ಬೇಕಲ ಕೋಟೆ ನೋಡಿ ಅದೇ ಸಂಜೆ ಮಂಗಳೂರಿಗೆ ಹೋಗಿಬಿಡುವುದು ಭಾವನ ಲೆಕ್ಕ. ಹೀಗೆ ಕೋಟೆಯೆದುರು ಫೋಟೊ ತೆಗೆಸಿಕೊಂಡು ಹೊರಟುಬಿಡುವವರನ್ನು ಕಂಡಾಗಲೆಲ್ಲ ನನಗೆ ಬೇಸರವಾಗುತ್ತದೆ. ಪಡುವಣಕ್ಕೆ ಕಡಲು, ಮೂಡಣಕ್ಕೆ ಕೊಡಗಿನ ಬೆಟ್ಟಗಳು, ನಡುವೆ ತಲೆತಲಾಂತರದಿಂದ ಕನ್ನಡ ಓದಿ ಬರೆಯುವ ಊರುಗಳು. ಇಷ್ಟನ್ನು ಒಂದು ದಿನದಲ್ಲಿ ನೋಡಲಾಗದು. ಹಟ ಹಿಡಿದು ಅವರನ್ನು ಮೂರು ದಿನ ನಿಲ್ಲಿಸಿಕೊಂಡೆ. ಆ ಓಡಾಟದಿಂದ ತಿಳಿದದ್ದನ್ನು ಹೊರಡುವವರಿಗಾಗಿ ಬರೆಯುತ್ತಿದ್ದೇನೆ.

ಬೆಂಗಳೂರಿನವರಿಗೆ ಮಂಗಳೂರು ಮಾರ್ಗವಾಗಿ ಕಣ್ಣೂರಿನ ಕಡೆಗೆ ಹೋಗುವ ರಾತ್ರಿ ರೈಲು ಅನುಕೂಲ. ಮಂಗಳೂರಿನಿಂದಲಾದರೆ ಎರಡೂ ರಾಜ್ಯಗಳ ಸರ್ಕಾರಿ ಬಸ್ಸುಗಳು ತಲಪಾಡಿ ಗಡಿ ದಾಟಿ ಬರುತ್ತಲೇ ಇರುತ್ತವೆ. ಕಾಸರಗೋಡು ಪೇಟೆಯಲ್ಲಿ ಕೋಣೆ ಹಿಡಿಯಿರಿ. ದೇವಸ್ಥಾನಗಳಿಗೂ ಕೋಟೆಗೂ ಅಲ್ಲಿಂದಲೇ ಹೋಗಿ ಬರಬಹುದು. ಮಳೆಗಾಲ ಬೇಡ. ನವೆಂಬರ್‌ನಿಂದ ಫೆಬ್ರುವರಿಯವರೆಗೆ ಬಂದರೆ ಬಿಸಿಲೂ ಹದ, ದೈವಗಳ ವೇಷ ಕಟ್ಟಿ ಕುಣಿಯುವ ಭೂತಕೋಲ, ತೆಯ್ಯಂಗಳ ಕಾಲವೂ ಹೌದು. ಎಲ್ಲಿ ಯಾವಾಗ ಎಂದು ಊರಿನವರನ್ನೇ ಕೇಳಿ.

"ಇಲ್ಲಿ ಕನ್ನಡ ನಡೆಯುತ್ತದೆಯೇ?" ಎಂದು ಭಾವ ಮೊದಲೇ ಕೇಳಿದ್ದರು. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದರೂ ಮಂಜೇಶ್ವರ, ಕುಂಬಳೆ, ಬದಿಯಡ್ಕ, ಮುಳ್ಳೇರಿಯದ ಕಡೆ ಇಂದಿಗೂ ಅಂಗಡಿಗೆ ಹೋಗಿ ನಿಶ್ಚಿಂತೆಯಿಂದ ಕನ್ನಡದಲ್ಲಿ ಮಾತನಾಡಬಹುದು. ದಯವಿಟ್ಟು ಮೊದಲ ಮಾತನ್ನು ಕನ್ನಡದಲ್ಲೇ ಆಡಿ. ಹೊರಗಿನಿಂದ ಬಂದವರು ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಶುರು ಮಾಡಿದರೆ ಇಲ್ಲಿನ ಕನ್ನಡಿಗರಿಗೆ ನೋವಾಗುತ್ತದೆ. ಚಂದ್ರಗಿರಿ ಹೊಳೆ ದಾಟಿ ತೆಂಕಣಕ್ಕೆ ಹೋದಂತೆ ಮಲಯಾಳವೇ ಹೆಚ್ಚು. ಬಸ್ಸಿನ ಫಲಕ ಓದಲಾಗದಿದ್ದರೆ ನಿರ್ವಾಹಕರನ್ನು ಕೇಳಿಯೇ ಹತ್ತಿ. ನಾವು ಹೊಸದುರ್ಗ ಎನ್ನುವ ಪೇಟೆಗೆ ಬಸ್ಸಿನಲ್ಲಿ ಕಾಞಂಗಾಡ್ ಎನ್ನಬೇಕು.

ಮೊದಲ ದಿನ ಒಂದು ತಪ್ಪು ಮಾಡಿದೆ. ಮಂಜೇಶ್ವರದಲ್ಲಿ ರಾಷ್ಟ್ರಕವಿ ಗೋವಿಂದ ಪೈಗಳ ಮನೆ ಇದ್ದ ಜಾಗದ ಸ್ಮಾರಕ ಗಿಳಿವಿಂಡನ್ನು ತೋರಿಸಿ, ಕುಂಬಳೆಯ ಹತ್ತಿರದ ಅನಂತಪುರದ ದೇವಸ್ಥಾನಕ್ಕೆ ನಡುಮಧ್ಯಾಹ್ನ ಕರೆದುಕೊಂಡು ಹೋದೆ. ಬಾಗಿಲು ಮುಚ್ಚಿತ್ತು. ಚಪ್ಪಲಿ ಬಿಟ್ಟು ನಡೆದ ಮಕ್ಕಳ ಅಂಗಾಲು ಕಾದ ಮುರಕಲ್ಲಿನ ಮೇಲೆ ಸುಟ್ಟಿತು. ಕಿರಿಯವನನ್ನು ಎತ್ತಿಕೊಂಡು ಬರಬೇಕಾಯಿತು. ಅಲ್ಲಿಗೆ ಬೆಳಿಗ್ಗೆಯೇ ಹೋಗಿ. ಕೆರೆಯ ನಡುವೆ ಇರುವ ಈ ಗುಡಿಯನ್ನು ತಿರುವನಂತಪುರದ ಪದ್ಮನಾಭಸ್ವಾಮಿಯ ಮೂಲಸ್ಥಾನವೆಂದು ನಂಬುತ್ತಾರೆ. ನೈವೇದ್ಯದ ಅನ್ನ ತಿನ್ನುತ್ತಿದ್ದ ಮೊಸಳೆ ಬಬಿಯಾ 2022ರ ಅಕ್ಟೋಬರ್‌ನಲ್ಲಿ ತೀರಿಕೊಂಡಿತು. ಮರುವರ್ಷ ಕೆರೆಯಲ್ಲಿ ಇನ್ನೊಂದು ಮೊಸಳೆ ಕಾಣಿಸಿಕೊಂಡಿತು. ನೋಡಲು ಸಿಕ್ಕಿದರೆ ಭಾಗ್ಯ, ಸಿಗದಿದ್ದರೆ ಕಲ್ಲೆಸೆದು ಕರೆಯಬೇಡಿ.

ಸಂಜೆ ಮಧೂರಿನ ದೇವಸ್ಥಾನಕ್ಕೆ ಹೋದೆವು. ಪೇಟೆಯಿಂದ ಎಂಟು ಕಿಲೋಮೀಟರ್. ಆನೆಯ ಬೆನ್ನಿನಂತೆ ದುಂಡಗಿರುವ ಗಜಪೃಷ್ಠದ ಗರ್ಭಗುಡಿ, ತಾಮ್ರದ ಹೊದಿಕೆಯ ಮಾಡು, ಪಕ್ಕದಲ್ಲೇ ಮಧುವಾಹಿನಿ ಹೊಳೆ. ಮೂಲದೇವರು ಮದನಂತೇಶ್ವರನಾದರೂ ಬರುವವರಲ್ಲಿ ಹೆಚ್ಚಿನವರು ಗಣಪತಿಯ ಭಕ್ತರು. ಅಪ್ಪದ ಪ್ರಸಾದ ಕೊಳ್ಳದೆ ಬರಬೇಡಿ. ಅಕ್ಕ ಎರಡು ಪೊಟ್ಟಣ ತೆಗೆದುಕೊಂಡಳು. ಬಿಚ್ಚಿದಾಗ ಬೆಲ್ಲದ, ತುಪ್ಪದ ಪರಿಮಳ. ಅಂಚು ಗರಿ, ನಡು ಮೆತ್ತಗೆ.

ಎರಡನೆಯ ದಿನವನ್ನು ಪೂರ್ತಿ ಬೇಕಲಕ್ಕೆ ಕೊಟ್ಟೆವು. ಹದಿನೇಳನೆಯ ಶತಮಾನದಲ್ಲಿ ಕೆಳದಿಯ ಶಿವಪ್ಪ ನಾಯಕ ಕಟ್ಟಿಸಿದ ಕೋಟೆ ಇದು. ಸುಮಾರು ನಲವತ್ತು ಎಕರೆ, ಕೇರಳದ ಕೋಟೆಗಳಲ್ಲೆಲ್ಲ ದೊಡ್ಡದು. ಇಲ್ಲಿಗೆ ಬರುವ ಎಷ್ಟೋ ಕನ್ನಡಿಗರಿಗೆ ಇದು ನಮ್ಮ ಮಲೆನಾಡಿನ ಅರಸನ ಕೆಲಸವೆಂದು ಗೊತ್ತಿಲ್ಲ. ಬಾಗಿಲ ಬಳಿಯೇ ಆಂಜನೇಯನ ಗುಡಿ ಇದೆ. ನೇರವಾಗಿ ಕಾವಲು ಬುರುಜಿಗೆ ಓಡದೆ ಕಡಲ ಕಡೆಯ ಗೋಡೆಯ ಉದ್ದಕ್ಕೂ ನಿಧಾನವಾಗಿ ನಡೆಯಿರಿ. ಅಲ್ಲಿನ ಕಿಂಡಿಗಳನ್ನು ನೋಡಿ: ದೂರದ ಶತ್ರುವಿಗೆ ಮೇಲಿನದು, ಸಮೀಪ ಬಂದವನಿಗೆ ಅದರ ಕೆಳಗಿನದು, ಗೋಡೆಯ ಬುಡಕ್ಕೇ ಬಂದವನಿಗೆ ಎಲ್ಲಕ್ಕಿಂತ ಕೆಳಗಿನದು. ಅಕ್ಕನ ಹಿರಿಯ ಮಗ ಒಂದೊಂದಕ್ಕೂ ಕಣ್ಣಿಟ್ಟು, "ಇದರಲ್ಲಿ ದೋಣಿ ಕಾಣುತ್ತದೆ, ಇದರಲ್ಲಿ ಬರೀ ಹುಲ್ಲು" ಎಂದು ಕೂಗಿ ಹೇಳಿದ. ನಾನು ಹತ್ತಾರು ಸಲ ಹೋದವನು, ಆ ಮೂರು ಕಿಂಡಿಗಳ ವ್ಯತ್ಯಾಸ ಕಣ್ಣಾರೆ ತಿಳಿದದ್ದು ಅಂದೇ. ಕೋಟೆಯೊಳಗೆ ನೆರಳು ಕಡಿಮೆ. ಕೊಡೆ, ನೀರು ಇರಲಿ. ಸೂರ್ಯ ಮುಳುಗುವ ಮೊದಲೇ ಹೊರಗೆ ಕಳುಹಿಸುತ್ತಾರೆ, ಸೂರ್ಯಾಸ್ತ ನೋಡಬೇಕಾದರೆ ಪಕ್ಕದ ಕಡಲ ತೀರಕ್ಕೆ ಇಳಿಯಿರಿ.

ಮೂರನೆಯ ದಿನ ಬೆಟ್ಟಕ್ಕೆ. ಕಾಞಂಗಾಡಿನಿಂದ ರಾಣಿಪುರಕ್ಕೆ ಸುಮಾರು ನಲವತ್ತೈದು ಕಿಲೋಮೀಟರ್. ರಾಣಿಪುರ ಸಮುದ್ರ ಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿದೆ. ಬಸ್ಸು ವಿರಳ, ಸ್ವಂತ ವಾಹನ ಅಥವಾ ಜೀಪು ಬೇಕು. ನಸುಕಿನಲ್ಲೇ ಹೊರಡಿ. ಅರಣ್ಯ ಇಲಾಖೆಯ ಚೀಟಿ ಪಡೆದು ಕಾಡಿನೊಳಗೆ ಹತ್ತಿದರೆ ಕೊನೆಗೆ ಹುಲ್ಲುಗಾವಲು. ಆನೆಗಳ ಓಡಾಟ ಇದ್ದಾಗ ಚಾರಣ ನಿಲ್ಲಿಸುವುದುಂಟು, ಹೊರಡುವ ಮುಂಚೆ ವಿಚಾರಿಸಿ. ಮಳೆಗಾಲದಲ್ಲೇ ಹತ್ತುವ ಹಂಬಲವಿದ್ದರೆ ಇಂಬಳಕ್ಕೆ (ಜಿಗಣೆಗೆ) ಉಪ್ಪು, ಹೊಗೆಸೊಪ್ಪಿನ ನೀರು ಜೊತೆಯಲ್ಲಿರಲಿ. ಮಂಡಿನೋವಿನ ಅಕ್ಕ ಮೂರು ಕಡೆ ಕುಳಿತು ಎದ್ದು, ಮೇಲೆ ತಲುಪಿ ಗಾಳಿಗೆ ಸೆರಗು ಹೊದ್ದು ಬಹಳ ಹೊತ್ತು ಮಾತನಾಡಲಿಲ್ಲ.

ಮೈಸೂರು, ಕೊಡಗಿನ ಕಡೆಯವರು ಮತ್ತೆ ಮಂಗಳೂರಿಗೆ ಇಳಿಯಬೇಕಾಗಿಲ್ಲ. ಪಾಣತ್ತೂರು, ಕರಿಕೆ ಮೂಲಕ ಭಾಗಮಂಡಲಕ್ಕೆ ಘಟ್ಟದ ರಸ್ತೆ ಇದೆ. ಕಿರಿದು, ತಿರುವು ಬಹಳ. ಕತ್ತಲಾಗುವ ಮುನ್ನ ದಾಟಿಬಿಡಿ. ಪೆಟ್ರೋಲನ್ನು ಕಾಞಂಗಾಡಿನಲ್ಲೇ ತುಂಬಿಸಿ. ಅಕ್ಕನ ಕಾರನ್ನು ಪಾಣತ್ತೂರಿನವರೆಗೆ ಬೀಳ್ಕೊಟ್ಟು ನಾನು ಬಸ್ಸಿನಲ್ಲಿ ಮರಳಿದೆ. ಸಂಜೆ ಮಡಿಕೇರಿಯಿಂದ ಫೋನು ಬಂತು: ಒಂದು ಪೊಟ್ಟಣ ಅಪ್ಪ ದಾರಿಯಲ್ಲೇ ಮುಗಿದಿತ್ತು, ಇನ್ನೊಂದನ್ನು ಅತ್ತೆಗೆಂದು ಎತ್ತಿಟ್ಟಿದ್ದಳು.