ಲಾ ಕ್ರಾಸ್‌ನಲ್ಲಿ ಗಾಳ ಹಾಕಲು ಹೊರಟವರಿಗೆ: ಮೊದಲು ಹಿನ್ನೀರು, ಆಮೇಲೆ ಹೊಳೆ

ಮಿಸಿಸಿಪ್ಪಿ, ಬ್ಲ್ಯಾಕ್ ಮತ್ತು ಲಾ ಕ್ರಾಸ್ ನದಿಗಳು ಕೂಡುವ ಜಾಗದಲ್ಲಿ ಬೆಳೆದಿರುವ ವಿಸ್ಕಾನ್ಸಿನ್‌ನ ಲಾ ಕ್ರಾಸ್ ನಗರ ಮಿನಿಯಾಪೊಲಿಸ್‌ನಿಂದ ಕಾರಿನಲ್ಲಿ ಸುಮಾರು ಎರಡೂವರೆ ಗಂಟೆಯ ದಾರಿ. ಜೂನ್ ಮೊದಲ ವಾರ ಮಕ್ಕಳನ್ನು ಕರೆದುಕೊಂಡು ಮೂರು ದಿನ ಅಲ್ಲಿದ್ದೆವು. ಮೊದಲ ದಿನ ಊರ ನಡುವಿನ ರಿವರ್‌ಸೈಡ್ ಪಾರ್ಕಿನ ದಡದಲ್ಲಿ ನಿಂತು ಮುಖ್ಯ ಹೊಳೆಗೇ ಗಾಳ ಎಸೆದದ್ದು ನಮ್ಮ ತಪ್ಪು. ಸೆಳವು ಎರೆಯನ್ನು ಕೊಚ್ಚಿಕೊಂಡು ಹೋಯಿತು, ಕೊಕ್ಕೆಗಳು ಕಲ್ಲಿಗೆ ಸಿಕ್ಕಿ ದಾರಗಳು ಹರಿದವು, ಮಕ್ಕಳ ಉತ್ಸಾಹವೂ ಇಳಿಯಿತು.

ಮರುದಿನ ಹೆದ್ದಾರಿ 35ರಲ್ಲಿ ಕೆಲವೇ ಮೈಲಿ ದಕ್ಷಿಣಕ್ಕಿರುವ ಗೂಸ್ ಐಲೆಂಡ್‌ಗೆ ಹೋದೆವು. ನೀವು ಅಲ್ಲಿಂದಲೇ ಶುರು ಮಾಡಿ. ಸರಕು ದೋಣಿಗಳಿಗೆ ಒಂಬತ್ತು ಅಡಿ ಆಳ ಸಿಗಲೆಂದು 1930ರ ದಶಕದಲ್ಲಿ ನದಿಯುದ್ದಕ್ಕೂ ಕಟ್ಟಿದ ಅಣೆಕಟ್ಟೆಗಳಿಂದ ತಗ್ಗು ಕಾಡುಗಳು ಮುಳುಗಿ, ಜೊಂಡು ತುಂಬಿದ ನಿಶ್ಚಲ ಹಿನ್ನೀರುಗಳು ಉಂಟಾದವು; ಬ್ಲೂಗಿಲ್ ಮೀನಿಗೆ ಇದಕ್ಕಿಂತ ಒಳ್ಳೆಯ ಮನೆ ಬೇಡ. ಜೂನ್‌ನ ಈ ದಿನಗಳಲ್ಲಿ ಗಂಡು ಮೀನು ಬಾಲದಿಂದ ಮರಳು ಕೆದಕಿ ತಟ್ಟೆಯಂಥ ಗುಳಿ ಮಾಡಿ ಮೊಟ್ಟೆಗಳನ್ನು ಕಾಯುತ್ತದೆ, ಹತ್ತಿರ ಬಂದ ಎರೆಯನ್ನು ಬಿಡುವುದಿಲ್ಲ. ಚಿಕ್ಕ ಕೊಕ್ಕೆ, ಅರ್ಧ ಎರೆಹುಳು, ಮೂರಡಿ ಮೇಲೆ ಒಂದು ಬೆಂಡು, ಇಷ್ಟು ಸಾಕು. ಬೆಂಡು ಎರಡು ಸಲ ಅದುರಿ ಓರೆಯಾಗಿ ಮುಳುಗಿತು. ಮಗಳು ಎಳೆದ ಅಂಗೈಯಗಲದ ಮೀನಿನ ಎದೆ ತಾಮ್ರದ ಬಣ್ಣದ್ದು, ಕಿವಿರಿನ ತುದಿಯಲ್ಲಿ ಕಾಡಿಗೆಯಂಥ ಕಪ್ಪು ಮಚ್ಚೆ. ಬೆನ್ನಿನ ಮುಳ್ಳುಗಳು ಚೂಪಾಗಿರುವುದರಿಂದ ತಲೆಯ ಕಡೆಯಿಂದ ಅಂಗೈ ಸವರಿ ರೆಕ್ಕೆಯನ್ನು ಮಡಚಿಯೇ ಹಿಡಿಯಬೇಕು. ಮೊಟ್ಟೆ ಕಾಯುವ ದೊಡ್ಡ ಗಂಡುಗಳನ್ನು ನೀರಿಗೆ ಬಿಟ್ಟುಬಿಡಿ ಎಂಬುದು ನನ್ನ ಕಳಕಳಿಯ ಕೋರಿಕೆ, ಏಕೆಂದರೆ ಕಾವಲು ತಪ್ಪಿದ ಗುಳಿ ಬೇರೆ ಮೀನುಗಳ ಪಾಲಾಗುತ್ತದೆ.

ಏಳನೆಯ ಅಣೆಕಟ್ಟೆಯ ಹಿಂದೆ 1937ರಲ್ಲಿ ಉಂಟಾದ ಲೇಕ್ ಒನಲಾಸ್ಕಾ ಬಹಳ ವಿಶಾಲವಾದದ್ದು. ದೋಣಿ ಇದ್ದರಷ್ಟೇ ಅದರ ಸುಖ, ಗಾಳಿಯ ದಿನ ಅದೂ ಬೇಡ. ವಾಲೈ ಮೀನು ಬೇಕೆನ್ನುವವರು ಮಾರ್ಚ್–ಏಪ್ರಿಲ್‌ನಲ್ಲಿ ಬಂದು ದಕ್ಷಿಣದ ಜಿನೋವಾದಲ್ಲಿ ಎಂಟನೆಯ ಅಣೆಕಟ್ಟೆಯ ಕೆಳಗೆ ಪ್ರಯತ್ನಿಸಬೇಕು. ಮೂರನೆಯ ದಿನ ನಾವು ನೋಡಿದ ಕೂನ್ ವ್ಯಾಲಿಯ ತಣ್ಣನೆಯ ತೊರೆಗಳಲ್ಲಿ ಟ್ರೌಟ್ ಮೀನು ಇದೆ. ಮಣ್ಣಿನ ಸವೆತದಿಂದ ಹಾಳಾಗಿದ್ದ ಈ ಕಣಿವೆಯಲ್ಲಿ 1933ರಲ್ಲಿ ಆರಂಭವಾದ ಸಂರಕ್ಷಣೆಯ ಕೆಲಸದ ಫಲವನ್ನು ನೀರಿನ ತಿಳಿಯಲ್ಲೇ ಕಾಣಬಹುದು.

ಹದಿನಾರು ತುಂಬಿದ ಪ್ರತಿಯೊಬ್ಬರಿಗೂ ಪರವಾನಗಿ ಬೇಕು, ಟ್ರೌಟ್‌ಗೆ ಅದರ ಮೇಲೊಂದು ಸ್ಟಾಂಪು, ಅಂದರೆ ಹೆಚ್ಚುವರಿ ಅನುಮತಿ. ಮಿಸಿಸಿಪ್ಪಿಯ ಎರಡೂ ದಡದ ರೈಲು ಹಳಿಗಳ ನಡುವಿನ ನೀರಿನಲ್ಲಿ ವಿಸ್ಕಾನ್ಸಿನ್ ಅಥವಾ ಮಿನಿಸೋಟಾ, ಯಾವ ರಾಜ್ಯದ ಪರವಾನಗಿಯಾದರೂ ನಡೆಯುತ್ತದೆ. ಹಳಿ ದಾಟಿದರೆ ನಡೆಯದು. ಜೀವಂತ ಮೀನನ್ನು ಅಲ್ಲಿಂದ ಸಾಗಿಸುವಂತಿಲ್ಲವಾದ್ದರಿಂದ, ತಿನ್ನಲು ಇಟ್ಟುಕೊಳ್ಳುವ ಮೀನನ್ನು ದಡದಲ್ಲೇ ಕೊಂದು ಐಸಿನಲ್ಲಿಡಿ. ಗೂಸ್ ಐಲೆಂಡ್‌ನಲ್ಲಿ ಹಿಡಿದ ಮೀನನ್ನು ನಾವು ಅಂದು ಸಂಜೆ ಕ್ಯಾಂಪಿನಲ್ಲೇ ಖಾರದಪುಡಿ, ಅರಿಶಿನ ಸವರಿ ರವೆಯಲ್ಲಿ ಹೊರಳಿಸಿ ಹುರಿದೆವು.