ಕಪ್ಪತಗುಡ್ಡದಲ್ಲಿ ಅಡವಿ ಎಲ್ಲಿದೆ?

ಗದಗಿಗೆ ಬರುವ ನೆಂಟರು, ಗೆಳೆಯರು ಕಪ್ಪತಗುಡ್ಡ ನೋಡಿ ಇಳಿದ ಮೇಲೆ ತಪ್ಪದೇ ಕೇಳುತ್ತಾರೆ: "ಉತ್ತರ ಕರ್ನಾಟಕದ ಸಹ್ಯಾದ್ರಿ ಅಂದಿದ್ರಲ್ರಿ, ಅಡವಿ ಎಲ್ಲೈತ್ರಿ?"

ನೀವು ನಡೆದು ಬಂದದ್ದೇ ಅಡವಿ. ಆಗುಂಬೆಯನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಹತ್ತಿದರೆ ಇದು ಕಣ್ಣಿಗೆ ಬೀಳುವುದಿಲ್ಲ. ಇಲ್ಲಿ ಮಳೆ ಕಡಿಮೆ. ದಿಂಡಲ, ಬಂದರಿಕೆ, ಮುಳ್ಳುಕಂಟಿ, ನಡುವೆ ಎದೆಯುದ್ದ ಬೆಳೆಯುವ ಬಾದೆ ಹುಲ್ಲು. ಮಳೆಗಾಲದಲ್ಲಿ ಹಸಿರು, ಬೇಸಿಗೆಯಲ್ಲಿ ಕಂದು. ಒಣಗಿದಾಗಲೂ ಇದು ಬದುಕಿರುವ ಕಾಡೇ.

ಹುಲ್ಲನ್ನು ಖಾಲಿ ಜಾಗ ಅಂದುಕೊಂಡರೆ ಇಲ್ಲಿನ ಪ್ರಾಣಿಗಳು ಅರ್ಥವಾಗುವುದಿಲ್ಲ. ತೋಳಕ್ಕೆ ಓಡಲು ಬಯಲು ಬೇಕು. ಪಟ್ಟೆಯ ಕತ್ತೆಕಿರುಬ ಹಗಲು ಕಲ್ಲಿನ ಗವಿಯಲ್ಲಿ ಮಲಗಿ, ರಾತ್ರಿ ಸತ್ತ ದನ, ಕುರಿ ಹುಡುಕುತ್ತದೆ. ಎಲುಬನ್ನೂ ಕಡಿದು ತಿಂದು ಊರಂಚನ್ನು ಸ್ವಚ್ಛ ಮಾಡುವ ಪ್ರಾಣಿ ಅದು. ಜಿಂಕೆಯಂತೆ ಕಾಣುವ ಕೊಂಡುಕುರಿಯಂತೂ ನನಗೆ ಬಲು ಪ್ರೀತಿ. ಗಂಡಿಗೆ ನಾಲ್ಕು ಕೊಂಬು. ಕಾಡುಪ್ರಾಣಿಗಳಲ್ಲಿ ನಾಲ್ಕು ಕೊಂಬು ಇರುವುದು ಜಗತ್ತಿನಲ್ಲಿ ಅದಕ್ಕೊಂದೇ. ಮಂದೆ ಕಟ್ಟುವುದಿಲ್ಲ, ಒಂಟಿಯಾಗಿ ಹುಲ್ಲಿನಲ್ಲಿ ಅಡಗಿರುತ್ತದೆ. ಗದ್ದಲ ಮಾಡುತ್ತಾ ಹತ್ತುವವರಿಗೆ ಅದು ಕಾಣುವುದುಂಟೇ? ಚಿರತೆಯೂ ಇದೆ. ನವಿಲು ಕೂಗುವುದನ್ನು ನೀವೇ ಕೇಳಿದ್ದೀರಿ.

ಗದಗ ಹತ್ತಿರದ ಬಿಂಕದಕಟ್ಟಿಯಿಂದ ತುಂಗಭದ್ರೆಯ ದಂಡೆಯ ಸಿಂಗಟಾಲೂರಿನವರೆಗೆ ಸುಮಾರು 60 ಕಿಲೋಮೀಟರ್ ಈ ಸಾಲು ಹಬ್ಬಿದೆ. ಕಲ್ಲಿನ ವಯಸ್ಸು 250 ಕೋಟಿ ವರ್ಷಕ್ಕಿಂತ ಜಾಸ್ತಿ. ಸುತ್ತಲಿನ ನೆಲ ಸವೆದು ಎರೆಹೊಲವಾಯಿತು. ಕಬ್ಬಿಣ ತುಂಬಿದ ಗಟ್ಟಿ ಕಲ್ಲು ಸವೆಯದೆ ಗುಡ್ಡವಾಗಿ ನಿಂತಿತು. ಅದೇ ಕಲ್ಲೇ ಗುಡ್ಡಕ್ಕೆ ಕಂಟಕವೂ ಆಯಿತು. ಚಿನ್ನ, ಕಬ್ಬಿಣ, ಮ್ಯಾಂಗನೀಸ್ ಎಲ್ಲ ಇಲ್ಲಿವೆ. 20ನೆಯ ಶತಮಾನದ ಆರಂಭದಲ್ಲೇ ಬ್ರಿಟಿಷ್ ಕಂಪನಿಗಳು ಚಿನ್ನಕ್ಕಾಗಿ ಅಗೆದಿದ್ದವು.

ಗಣಿಯ ಭಯ ಆಮೇಲೂ ಹೋಗಲಿಲ್ಲ. 2011ರಲ್ಲಿ ಮುಂಡರಗಿ ತಾಲ್ಲೂಕಿನ ಹಳ್ಳಿಗುಡಿ ಬಳಿ ಕೊರಿಯಾದ ಪೋಸ್ಕೋ ಕಂಪನಿಯ ಉಕ್ಕಿನ ಕಾರ್ಖಾನೆ ಬರಲಿದ್ದಾಗ ಗದಗಿನ ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮೀಜಿ ಮುಂದೆ ನಿಂತರು, ರೈತರು ಬೆನ್ನಿಗೆ ನಿಂತರು, ಯೋಜನೆ ಬಿಟ್ಟುಹೋಯಿತು. 2015ರಲ್ಲಿ ಸರ್ಕಾರ ಗುಡ್ಡವನ್ನು ಸಂರಕ್ಷಿತ ಪ್ರದೇಶ ಎಂದಿತು, 2016ರಲ್ಲಿ ಆದೇಶ ಹಿಂದೆಗೆಯಿತು. ಜನ ಬೀದಿಗಿಳಿದ ಮೇಲೆ 2017ರಲ್ಲಿ ಆ ರಕ್ಷಣೆಯನ್ನು ಮತ್ತೆ ಕೊಟ್ಟಿತು. 2019ರಲ್ಲಿ 244 ಚದರ ಕಿಲೋಮೀಟರ್ ವನ್ಯಜೀವಿಧಾಮವಾಯಿತು. ಅದನ್ನು ನೋಡಲು ಸ್ವಾಮೀಜಿ ಇರಲಿಲ್ಲ, 2018ರಲ್ಲೇ ಲಿಂಗೈಕ್ಯರಾಗಿದ್ದರು. ಇದು ನನಗೆ ಈಗಲೂ ಸಂಕಟದ ವಿಷಯ.

"ಹಂಗಾದ್ರ ಗಿಡಾ ಹಚ್ಚಿ ದಟ್ಟ ಮಾಡಬಹುದಲ್ಲ?" ಅಂತಲೂ ಕೆಲವರು ಕೇಳುತ್ತಾರೆ. ದಯವಿಟ್ಟು ಬೇಡ. ಹುಲ್ಲಿನ ಮೇಲೆ ನೀಲಗಿರಿ, ಅಕೇಶಿಯಾ ತುಂಬಿದರೆ ತೋಳವೂ ಹೋಗುತ್ತದೆ, ಕೊಂಡುಕುರಿಯೂ ಹೋಗುತ್ತದೆ. ಗುಡ್ಡಕ್ಕೆ ಬೇಕಾಗಿರುವುದು ಬೆಂಕಿಯಿಂದ ರಕ್ಷಣೆ. ಬೇಸಿಗೆಯಲ್ಲಿ ಒಂದು ಕಿಡಿ ಬಿದ್ದರೂ ಒಣಹುಲ್ಲು ಗುಡ್ಡದಿಂದ ಗುಡ್ಡಕ್ಕೆ ಉರಿಯುತ್ತದೆ. ನೆಲದಲ್ಲಿ ಮೊಟ್ಟೆ ಇಡುವ ಹಕ್ಕಿಗಳ ಗೂಡು, ಔಷಧಿ ಗಿಡಗಳ ಸಸಿ, ಆಮೆ, ಎಲ್ಲ ಬೂದಿ. ಬರುವುದಾದರೆ ಮಳೆ ನಿಂತ ಮೇಲೆ ಬನ್ನಿ, ಬೀಡಿ ಬೆಂಕಿಪೊಟ್ಟಣ ಕೆಳಗೇ ಬಿಟ್ಟು ಬನ್ನಿ.