ನಮ್ಮ ಹೈದನ್ನ ಯಾವ ಕ್ಲಬ್ಬಿಗೆ ಸೇರಿಸೋದು ಸಾರ್?

"ನಮ್ಮ ಹೈದ ಫುಟ್‌ಬಾಲ್ ಚೆನ್ನಾಗಿ ಆಡ್ತಾನೆ ಸಾರ್. ಯಾವ ಕ್ಲಬ್ಬಿಗೆ ಹಾಕಿದ್ರೆ ಬೇಗ ಮೇಲೆ ಬರ್ತಾನೆ?" ಮೈಸೂರಿನಲ್ಲಿ ಹುಡುಗರಿಗೆ ಫುಟ್‌ಬಾಲ್ ಹೇಳಿಕೊಡುವ ನನಗೆ ಅಪ್ಪಂದಿರು ಕೇಳುವುದು ಇದನ್ನೇ. ಮಂಡ್ಯ, ಪಿರಿಯಾಪಟ್ಟಣದ ಕಡೆಯಿಂದಲೂ ಫೋನ್ ಬರುತ್ತದೆ. ಕೇಳುವವರ ಮನಸ್ಸಿನಲ್ಲಿ ಬೆಂಗಳೂರು ಎಫ್‌ಸಿ ಇರುತ್ತದೆ, ಇಲ್ಲವೇ ಟಿವಿಯಲ್ಲಿ ಕಾಣುವ ಇನ್ನೊಂದು ದೊಡ್ಡ ಹೆಸರು.

ಹೆಸರು ನೋಡಬೇಡಿ ಅನ್ನುತ್ತೇನೆ ನಾನು. ಹುಡುಗನನ್ನು ವಾರ ವಾರ ಮ್ಯಾಚ್ ಆಡಿಸುವ ಕಡೆ ಕಳಿಸಿ. ಅದರಲ್ಲೂ 17ರಿಂದ 21ರ ವಯಸ್ಸಿನಲ್ಲಿ. ಪ್ರಾಕ್ಟೀಸಿನಲ್ಲಿ ಮಿಂಚುವವರು ಬೇಕಾದಷ್ಟು ಜನ ಸಿಗುತ್ತಾರೆ. ಆದರೆ ಸ್ಕೋರ್ 1-1, ಎಂಬತ್ತನೇ ನಿಮಿಷ, ಕಾಲು ಸೋತಿದೆ, ಎದುರಿಗೆ ನಿಂತ ಡಿಫೆಂಡರ್ ಹತ್ತು ವರ್ಷ ದೊಡ್ಡವನು. ಆಗ ಚೆಂಡನ್ನು ಕೊಡಬೇಕಾ, ಇಟ್ಟುಕೊಳ್ಳಬೇಕಾ? ಬೆಂಚಿನ ಮೇಲೆ ಕೂತವನಿಗೆ ಇದು ಬರುವುದಿಲ್ಲ.

ಇಂಡಿಯನ್ ಆರೋಸ್ ಅಂತ ಒಂದು ತಂಡವಿತ್ತು, ಕೆಲವರಿಗೆ ನೆನಪಿರಬಹುದು. ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ನೇ ನಡೆಸುತ್ತಿದ್ದ ತಂಡ. ಬರೀ ಹುಡುಗರು, ವಿದೇಶಿ ಆಟಗಾರರು ಒಬ್ಬರೂ ಇಲ್ಲ. 2017ರ 17 ವರ್ಷದೊಳಗಿನವರ ವಿಶ್ವಕಪ್ ದೆಹಲಿ, ಕೊಚ್ಚಿ ಮುಂತಾದ ಕಡೆ ನಡೆಯಿತಲ್ಲ, ಅದರಲ್ಲಿ ಆಡಿದ ನಮ್ಮ ಹುಡುಗರಲ್ಲಿ ಹಲವರನ್ನು ಈ ತಂಡದಲ್ಲಿ ಐ-ಲೀಗ್‌ಗೆ, ಅಂದರೆ ದೇಶದ ದೊಡ್ಡ ಕ್ಲಬ್‌ಗಳ ಲೀಗ್‌ಗೆ, ಇಳಿಸಿದರು. ಗೆದ್ದದ್ದು ಕಮ್ಮಿ, ಸೋತದ್ದೇ ಜಾಸ್ತಿ. ಆದರೂ ನೋಡಿ. ಆ ವಿಶ್ವಕಪ್‌ನಲ್ಲಿ ಕೊಲಂಬಿಯಾ ವಿರುದ್ಧ ತಲೆಯಿಂದ ಗೋಲು ಹೊಡೆದ ಜೀಕ್ಸನ್ ಸಿಂಗ್ ಅಲ್ಲಿಂದ ಕೇರಳ ಬ್ಲಾಸ್ಟರ್ಸ್‌ಗೆ ಹೋದ. ಸುರೇಶ್ ಸಿಂಗ್ ವಾಂಗ್ಜಮ್ 2019ರಲ್ಲಿ ಬೆಂಗಳೂರು ಎಫ್‌ಸಿಗೆ ಬಂದ, ಬೇಗನೆ ಮಿಡ್‌ಫೀಲ್ಡ್‌ನಲ್ಲಿ ಜಾಗ ಹಿಡಿದ. 2021ರಲ್ಲಿ ಒಮಾನ್ ವಿರುದ್ಧ ಇಬ್ಬರೂ ಒಂದೇ ದಿನ ಸೀನಿಯರ್ ಭಾರತ ತಂಡಕ್ಕೆ ಆಡಿದರು. ದೊಡ್ಡ ಕ್ಲಬ್ಬಿನ ಬೆಂಚಿನಲ್ಲಿ ಆ ಎರಡು ವರ್ಷ ಕಳೆದಿದ್ದರೆ ಇಷ್ಟು ಬೇಗ ಆಗುತ್ತಿರಲಿಲ್ಲ ಅಂತಲೇ ನನ್ನ ನಂಬಿಕೆ.

ಹಾಗಾದರೆ ಬೆಂಗಳೂರು ಎಫ್‌ಸಿ ಬೇಡವಾ? ಹಾಗಲ್ಲ. ಅಲ್ಲಿನ ರಿಸರ್ವ್ ತಂಡದಲ್ಲಿ, ಅಂದರೆ ಎರಡನೇ ತಂಡದಲ್ಲಿ, ನಿಜವಾಗಲೂ ಆಡಿಸುವುದಾದರೆ ಕಣ್ಣುಮುಚ್ಚಿ ಕಳಿಸಿ. ಶಿವಶಕ್ತಿ ನಾರಾಯಣನ್ ಬಂದದ್ದು ಹಾಗೇ. ತಮಿಳುನಾಡಿನ ಕಾರೈಕುಡಿ ಕಡೆಯ ಹುಡುಗ. ರಿಸರ್ವ್ ತಂಡದಲ್ಲಿದ್ದು ಗೋಲು ಹೊಡೆದೂ ಹೊಡೆದೂ ಸೀನಿಯರ್ ತಂಡದ ಬಾಗಿಲು ತೆಗೆಸಿಕೊಂಡ. 2022ರ ಡುರಾಂಡ್ ಕಪ್ ಫೈನಲ್‌ನಲ್ಲಿ ಮುಂಬೈ ಸಿಟಿ ವಿರುದ್ಧ ಮೊದಲ ಗೋಲು ಅವನದೇ. ಬೆಂಗಳೂರು 2-1ರಿಂದ ಗೆದ್ದಿತು. ಆ ಸೀಸನ್ನಿನ ಇಂಡಿಯನ್ ಸೂಪರ್ ಲೀಗ್‌ನಲ್ಲಿ (ಐಎಸ್‌ಎಲ್) ಉದಯೋನ್ಮುಖ ಆಟಗಾರ ಪ್ರಶಸ್ತಿಯೂ ಬಂತು. ಜನ ಅವನನ್ನು ನೋಡಿದ್ದು ಆಗ. ಅದಕ್ಕೆ ಮುಂಚೆ ಆಡಿದ ಮ್ಯಾಚ್‌ಗಳಿಗೆ ಕ್ಯಾಮೆರಾ ಕಮ್ಮಿ, ಜನ ಇನ್ನೂ ಕಮ್ಮಿ.

ದೊಡ್ಡ ಹೆಸರಿನ ಹಿಂದೆ ಹೋದರೆ ಏನಾಗುತ್ತದೆ ಅನ್ನುವುದಕ್ಕೆ ಸುನಿಲ್ ಛೆಟ್ರಿಯವರನ್ನೇ ನೋಡಿ. 2012ರಲ್ಲಿ ಪೋರ್ಚುಗಲ್‌ನ ಸ್ಪೋರ್ಟಿಂಗ್ ಕ್ಲಬ್ ಸೇರಿದರು. ಆಗ ಅವರು ಭಾರತದ ನಾಯಕ. ಆದರೂ ಸಿಕ್ಕಿದ್ದು ಬಿ ತಂಡದಲ್ಲಿ ಬೆರಳೆಣಿಕೆಯ ಮ್ಯಾಚ್. ವಾಪಸ್ ಬಂದು 2013ರಲ್ಲಿ ಆಗಷ್ಟೇ ಹುಟ್ಟಿದ್ದ ಬೆಂಗಳೂರು ಎಫ್‌ಸಿ ಸೇರಿದರು. ಮೊದಲ ಸೀಸನ್ನಿನಲ್ಲೇ ಐ-ಲೀಗ್ ಗೆದ್ದರು.

ಇನ್ನೊಂದು ವಿಷಯ, ಇದನ್ನು ಹೇಳಿದರೆ ಹುಡುಗರು ಮುಖ ಸಿಂಡರಿಸುತ್ತಾರೆ. ನನ್ನ ಹತ್ತಿರ ಬರುವ ಎಲ್ಲರಿಗೂ ಸ್ಟ್ರೈಕರ್ ಆಗಬೇಕು. ಐಎಸ್‌ಎಲ್‌ನಲ್ಲಿ 2021-22ರಿಂದ ಮೈದಾನದಲ್ಲಿ ಒಮ್ಮೆಗೆ ನಾಲ್ವರು ವಿದೇಶಿಯರು ಇರಬಹುದು. ಕೋಚ್‌ಗಳು ಅದರಲ್ಲೊಂದು ಜಾಗವನ್ನು ಸ್ಟ್ರೈಕರ್‌ಗೇ ಇಡುವುದು ಜಾಸ್ತಿ. ಹಾಗಾಗಿ ನಮ್ಮ ಹುಡುಗರಿಗೆ ಮೊದಲು ತೆರೆಯುವುದು ಮೈದಾನದ ಅಂಚಿನ ಜಾಗಗಳು: ಮುಂದೆ ವಿಂಗ್, ಹಿಂದೆ ಸೈಡ್ ಬ್ಯಾಕ್. ಹೀಗೆ ಅವಕಾಶ ಸಿಗದೆ ನಮ್ಮವರಲ್ಲಿ ಸ್ಟ್ರೈಕರ್‌ಗಳ ಬರ ಎಷ್ಟಿದೆ ಅಂದರೆ 2024ರಲ್ಲಿ ಭಾರತ ತಂಡದಿಂದ ನಿವೃತ್ತರಾದ ಛೆಟ್ರಿಯವರನ್ನು 40ನೇ ವಯಸ್ಸಿನಲ್ಲಿ, 2025ರ ಮಾರ್ಚ್‌ನಲ್ಲಿ, ಮತ್ತೆ ಕರೆದರು. ಅವರು ಬಂದು ಮಾಲ್ಡೀವ್ಸ್ ವಿರುದ್ಧ ಗೋಲನ್ನೂ ಹೊಡೆದರು ಬಿಡಿ. ನಿಮ್ಮ ಮಗನಿಗೆ ಎಡಗಾಲು ಓಡುತ್ತಾ? ಲೆಫ್ಟ್ ಬ್ಯಾಕ್ ಆಡಿಸಿ ಅಂತ ಕೋಚ್‌ಗೆ ಹೇಳಿ.

ಮೈಸೂರಿನಲ್ಲೇ ಇದ್ದು ಆಗುವುದಿಲ್ಲವಾ ಅಂತಲೂ ಕೇಳುತ್ತಾರೆ. ಹೊಟ್ಟೆ ಉರಿಯುವ ಮಾತೇ. ಮೈಸೂರು ಅನ್ನುವ ಹೆಸರಿನಲ್ಲೇ ನಮ್ಮ ರಾಜ್ಯ ತಂಡ ರಾಜ್ಯ ರಾಜ್ಯಗಳ ನಡುವಿನ ಸಂತೋಷ್ ಟ್ರೋಫಿಯನ್ನು ನಾಲ್ಕು ಸಲ ಗೆದ್ದಿತ್ತು. ಕೊನೆಯದು 1968-69ರಲ್ಲಿ. ಆಮೇಲೆ ಕರ್ನಾಟಕ ಅಂತ ಗೆದ್ದದ್ದು 2023ರ ಮಾರ್ಚ್‌ನಲ್ಲಿ, ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ. ಆದರೆ ಆಗಲೂ ಈಗಲೂ ಆಟಗಾರರು ಕಣ್ಣಿಗೆ ಬೀಳುವುದು ಬೆಂಗಳೂರಿನ ಲೀಗ್‌ನಲ್ಲೇ. 15 ದಾಟುವ ತನಕ ಇಲ್ಲಿ ಆಡಲಿ, ಸ್ಕೂಲಿಗೆ ಹೋಗಲಿ. ಆಮೇಲೆ ಅಲ್ಲಿನ ಕೆಳಗಿನ ಡಿವಿಷನ್ ಕ್ಲಬ್ ಆದರೂ ಪರವಾಗಿಲ್ಲ. ಟ್ರಯಲ್ಸ್‌ಗೆ ಸಾವಿರಗಟ್ಟಲೆ ಕೇಳಿ, ಸೆಲೆಕ್ಷನ್ ಗ್ಯಾರಂಟಿ ಅನ್ನುವವರ ಹತ್ತಿರ ಮಾತ್ರ ಹೋಗಬೇಡಿ.

ಓದು ಬಿಡಿಸಬೇಡಿ. 2025ರಲ್ಲಿ ಐಎಸ್‌ಎಲ್ ನಡೆಯುತ್ತದೋ ಇಲ್ಲವೋ ಅಂತಾದಾಗ ಬೆಂಗಳೂರು ಎಫ್‌ಸಿಯೇ ಆಟಗಾರರ ಸಂಬಳ ನಿಲ್ಲಿಸುವುದಾಗಿ ಹೇಳಿತು. ಹಿಂದೆ ಎಚ್‌ಎಎಲ್, ಐಟಿಐ ತಂಡಗಳಲ್ಲಿ ಆಡಿದವರಿಗೆ ಆಟ ಮುಗಿದರೂ ಕೆಲಸ ಇರುತ್ತಿತ್ತು. ಈಗಿನ ಹುಡುಗನಿಗೆ ಇರುವುದು ಕಾಂಟ್ರಾಕ್ಟ್ ಮಾತ್ರ. ವಯಸ್ಸನ್ನೂ ಎರಡು ವರ್ಷ ಕಮ್ಮಿ ಬರೆಸಲು ಹೋಗಬೇಡಿ. 17ರೊಳಗಿನ ವಿಶ್ವಕಪ್‌ಗೆ ಫಿಫಾ ಮಣಿಕಟ್ಟಿನ ಎಂಆರ್‌ಐ ತೆಗೆದು ನೋಡುತ್ತದೆ.

ಕ್ಲಬ್ಬಿಗೆ ಫೋನ್ ಮಾಡಿದಾಗ ಜಿಮ್ ಇದೆಯಾ, ಜೆರ್ಸಿ ಯಾವ ಕಂಪನಿಯದು ಅಂತ ಕೇಳಬೇಡಿ. "ಹೋದ ವರ್ಷ ನಿಮ್ಮಲ್ಲಿ 19ರೊಳಗಿನ ಎಷ್ಟು ಹುಡುಗರು ಲೀಗ್ ಮ್ಯಾಚ್‌ನಲ್ಲಿ ಮೊದಲ ಹನ್ನೊಂದರಲ್ಲಿದ್ದರು?" ಅಂತ ಕೇಳಿ. ಹುಡುಗರ ಹೆಸರು ಹಿಡಿದು ಹೇಳಿದರೆ ಹೋಗಿ ನೋಡಿಕೊಂಡು ಬನ್ನಿ. ಸುತ್ತಿ ಬಳಸಿ ಮಾತಾಡಿದರೆ ಮುಂದಿನ ಕ್ಲಬ್ಬಿಗೆ ಫೋನ್ ಮಾಡಿ.